ಇಳಿಜಾರಿನಲ್ಲಿ ಕಾಂಕ್ರೀಟ್ ಹಾಕುವ ಮುಂಚೆ ನೆಲ ಗಟ್ಟಿ ಮಾಡಿಕೊಳ್ಳಿ

ಮಲೆನಾಡಿನಲ್ಲಿ ಗೇಟಿನಿಂದ ಮನೆವರೆಗೆ ಕಾಂಕ್ರೀಟ್ ದಾರಿ ಮಾಡಿಸುವವರು ಯಾವ ಸಿಮೆಂಟ್ ಒಳ್ಳೆಯದು ಅಂತಲೇ ಜಾಸ್ತಿ ಕೇಳುತ್ತಾರೆ. ಆದರೆ ಇಂಥ ದಾರಿ ಬಿರುಕು ಬಿಡುವುದು ಬಹಳ ಸಲ ಅಡಿಯ ಮಣ್ಣು ಕುಸಿದು, ಇಲ್ಲವೇ ಮಳೆನೀರು ಕೆಳಗೆ ನುಗ್ಗಿ. ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಕೆಲಸ ಶುರು ಮಾಡಿ.

ಮೇಲೂ ಕೆಳಗೂ ಗೂಟ ಹೊಡೆದು, ಲೆವೆಲ್ ಟ್ಯೂಬ್ (ಮಟ್ಟ ನೋಡುವ ನೀರಿನ ಪೈಪು) ಹಿಡಿದು ದಾರ ಕಟ್ಟಿ. 10 ಅಡಿಗೆ 1 ಅಡಿ ಇಳಿದರೆ ಕಾರು ಆರಾಮಾಗಿ ಹತ್ತುತ್ತದೆ. ಬೇರು, ತರಗೆಲೆ ಸೇರಿದ ಕಪ್ಪು ಮೇಲ್ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೂ ತೆಗೆಸಿ, ಅದು ತೋಟಕ್ಕೆ ಆಗುತ್ತದೆ.

ಮುಂದಿನದು ನಿಜವಾದ ಕೆಲಸ. ಮೇಲೆ ಕಡಿದ ಮಣ್ಣನ್ನು ಜೆಸಿಬಿಯಲ್ಲಿ ಕೆಳಗೆ ತಳ್ಳಿ, ಮೇಲೆ ನಾಲ್ಕು ಸಲ ಓಡಾಡಿಸಿದರೆ ಆಯಿತು ಅಂದುಕೊಳ್ಳಬೇಡಿ, ಆ ಮಣ್ಣು ಒಂದೇ ಮಳೆಗಾಲಕ್ಕೆ ಜಾರುತ್ತದೆ. ಮಣ್ಣು ತುಂಬಲೇಬೇಕು ಅಂದರೆ ಮೊದಲು ಹಳೆಯ ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ, ಆಮೇಲೆ 6 ಇಂಚಿಗೊಂದು ಪದರ ಹಾಕಿ, ನೀರು ಚಿಮುಕಿಸಿ, ಕಂಪ್ಯಾಕ್ಟರ್ (ಮಣ್ಣು ಒತ್ತಿ ಗಟ್ಟಿ ಮಾಡುವ ಯಂತ್ರ) ಹೊಡೆಸಿ. ಹದ ನೋಡುವುದು ಸುಲಭ. ಒಂದು ಹಿಡಿ ಮಣ್ಣನ್ನು ಬಿಗಿಯಾಗಿ ಹಿಸುಕಿ. ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಪುಡಿಯಾದರೆ ನೀರು ಕಡಿಮೆ, ಕೈಗೆ ಮೆತ್ತಿಕೊಂಡರೆ ಒಂದು ದಿನ ಒಣಗಲು ಬಿಡಿ.

ಕೆಳತುದಿಯಲ್ಲಿ ದಾರಿಗೆ ಅಡ್ಡವಾಗಿ 1 ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೋಡಿಸಿ. ಕಾಂಕ್ರೀಟ್ ಅದರೊಳಗೂ ಇಳಿದು ನೆಲವನ್ನು ಕಚ್ಚಿ ಹಿಡಿಯುತ್ತದೆ. ಉದ್ದದ ದಾರಿಯಾದರೆ ಮಧ್ಯದಲ್ಲೂ ಇಂಥದ್ದೊಂದು ಬೇಕು.

ದರೆಯ (ಗುಡ್ಡ ಕಡಿದ ಕಡೆಯ ಮಣ್ಣಿನ ಗೋಡೆಯ) ಬದಿಗೆ ಚರಂಡಿ ಕಾಂಕ್ರೀಟಿಗಿಂತ ಮೊದಲೇ ಆಗಬೇಕು. ದುಡ್ಡು ಉಳಿಸಲು ಇದನ್ನು ಬಿಡುವವರೇ ಜಾಸ್ತಿ, ದಯವಿಟ್ಟು ಬಿಡಬೇಡಿ. ದರೆಯಿಂದ ಒಸರುವ ನೀರಿಗೆ ಬೇರೆ ದಾರಿ ಇಲ್ಲದಿದ್ದರೆ ಅದು ನಿಮ್ಮ ಕಾಂಕ್ರೀಟಿನ ಅಡಿಗೇ ಹೋಗುತ್ತದೆ, ಅಲ್ವಾ?

ಆಮೇಲೆ 4 ಇಂಚು ದಪ್ಪಕ್ಕೆ 40 ಎಂಎಂ ಜಲ್ಲಿ ಹರಡಿ, ಸಂದಿಗೆ ಕ್ರಷರ್ ಪುಡಿ ತುಂಬಿಸಿ, ಮತ್ತೆ ಕಂಪ್ಯಾಕ್ಟರ್ ಹೊಡೆಸಿ. ಹಸಿ ಕಾಂಕ್ರೀಟ್ ಹೊರಗೆ ಹರಿಯದಂತೆ ನಿಲ್ಲಿಸುವ ಪಕ್ಕದ ಹಲಗೆಗಳಿಗೆ ಹೊರಗಿನಿಂದ ಎರಡೆರಡು ಅಡಿಗೆ ಗೂಟ ಕೊಡಿ. ಕೆಳತುದಿಯ ಹಲಗೆಗೆ ಇನ್ನೂ ಹತ್ತಿರ ಹತ್ತಿರ ಕೊಡಿ, ಹಸಿ ಕಾಂಕ್ರೀಟಿನ ಭಾರವೆಲ್ಲ ಅಲ್ಲಿಗೇ ಬರುತ್ತದೆ. ಕಡಿದಾದ ಕಡೆ ಪ್ಲಾಸ್ಟಿಕ್ ಹಾಳೆ ಬೇಡ, ಅದರ ಮೇಲೆ ಮಾಲು (ಕಲಸಿದ ಹಸಿ ಕಾಂಕ್ರೀಟ್) ಜಾರುತ್ತದೆ. ಸುಮ್ನೆ ಜಲ್ಲಿಯನ್ನು ನೆನೆಸಿದರೆ ಸಾಕು, ನೀರು ನಿಲ್ಲಬಾರದು.

ಕಾಂಕ್ರೀಟನ್ನು ಕೆಳತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಮಾಲು ಗಟ್ಟಿಯಾಗೇ ಇರಲಿ.