ಎಕ್ಸೆಲ್‌ನಲ್ಲಿ ರಿಫ್ರೆಶ್ ಒತ್ತಿದ್ರೂ ಪಿವಟ್ ಚಾರ್ಟ್ ಬಣ್ಣ ಕೆಡದ ಹಾಗೆ ಮಾಡೋದು ಹೇಗೆ?

ಅಡಿಕೆ ಸೊಸೈಟಿಗಳಲ್ಲಿ, ಮಂಡಿಗಳಲ್ಲಿ ತಿಂಗಳ ವರದಿ ಮಾಡೋರು ಪಡೋ ಪಾಡು ಇದು. ಪಿವಟ್ ಅಂದ್ರೆ ಉದ್ದ ಪಟ್ಟಿಯ ಲೆಕ್ಕನ ಎಕ್ಸೆಲ್ ತಾನೇ ಒಟ್ಟುಗೂಡಿಸಿ ಕೊಡೋ ಸಾರಾಂಶದ ಪಟ್ಟಿ, ಅದರಿಂದ ಮಾಡೋ ಚಾರ್ಟೇ ಪಿವಟ್ ಚಾರ್ಟ್. ಹೋದ ತಿಂಗಳು ಚಾರ್ಟ್‌ನಲ್ಲಿ ರಾಶಿ ಕೆಂಪು, ಬೆಟ್ಟೆ ಹಸಿರು, ಎಲ್ಲಾ ನೀಟಾಗಿತ್ತು. ಈ ತಿಂಗಳ ಆವಕ ಸೇರಿಸಿ ರಿಫ್ರೆಶ್ ಒತ್ತಿದ ಕೂಡ್ಲೇ ರಾಶಿ ನೀಲಿ ಆಯ್ತು, ಗೊರಬಲು ಕೆಂಪಾಯ್ತು, ಕಂಬದ ಮೇಲಿದ್ದ ಸಂಖ್ಯೆಗಳೆಲ್ಲ ಹೋದ್ವು. ಆಮೇಲೆ ಒಂದೊಂದೇ ಕಂಬ ಕ್ಲಿಕ್ ಮಾಡಿ ಮತ್ತೆ ಬಣ್ಣ ಹಾಕ್ತಾ ಕೂರೋದು, ಮುಂದಿನ ತಿಂಗಳು ಮತ್ತೆ ಅದೇ. ಇದು ಬರೀ ಅಂದ ಚಂದದ ವಿಷಯ ಅಲ್ಲ, ಬಣ್ಣ ನೋಡಿನೇ ತಳಿ (ಅಂದ್ರೆ ರಾಶಿ, ಬೆಟ್ಟೆ, ಗೊರಬಲು ಥರದ ಅಡಿಕೆಯ ಬಗೆ) ಗುರುತು ಹಿಡಿಯೋ ಸದಸ್ಯರು ಗೊರಬಲು ಕಂಬ ನೋಡಿ ರಾಶಿ ಅಂದ್ಕೊಂಡುಬಿಡ್ತಾರೆ.

ಹೆಚ್ಚಿನವರು ಮಾಡೋ ತಪ್ಪು ಒಂದೇ. ಪಿವಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪಿವಟ್‌ಟೇಬಲ್ ಆಪ್ಷನ್ಸ್‌ಗೆ ಹೋಗಿ 'ಪ್ರಿಸರ್ವ್ ಸೆಲ್ ಫಾರ್ಮ್ಯಾಟಿಂಗ್ ಆನ್ ಅಪ್‌ಡೇಟ್' ಅನ್ನೋದಕ್ಕೆ ಟಿಕ್ ಹಾಕಿ ಕೆಲಸ ಮುಗೀತು ಅಂದ್ಕೊಳ್ತಾರೆ. ಅದು ಸೆಲ್‌ಗಳಿಗೆ ಮಾತ್ರ, ಚಾರ್ಟ್‌ಗೂ ಅದಕ್ಕೂ ಸಂಬಂಧಾನೇ ಇಲ್ಲ. ಟಿಕ್ ಇರ್ಲಿ, ಆದ್ರೆ ಅದನ್ನ ನಂಬಿ ಕೂರಬೇಡಿ.

ಬಣ್ಣ ಯಾಕೆ ಕೆಡುತ್ತೆ

ಪಿವಟ್ ಚಾರ್ಟ್‌ನಲ್ಲಿ ಬಣ್ಣ ಹಂಚಿಕೆ ಆಗೋದು ಸಾಲಿನ ಪ್ರಕಾರ, ಸಾಲು ಅಂದ್ರೆ ಇಲ್ಲಿ ಸೀರೀಸ್, ತಳಿಗೊಂದು. ಮೊದಲನೇ ಸೀರೀಸ್‌ಗೆ ಥೀಮ್‌ನ (ಫೈಲ್‌ಗೆ ಇರೋ ಬಣ್ಣಗಳ ಗುಂಪು) ಮೊದಲನೇ ಬಣ್ಣ, ಎರಡನೇದಕ್ಕೆ ಎರಡನೇದು, ಹೀಗೆ. ಈಗ ಶಿವಮೊಗ್ಗ ಮಾರುಕಟ್ಟೆ ತಗೊಳ್ಳಿ, ಅಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಬರುತ್ತೆ. ಸ್ಲೈಸರ್‌ನಲ್ಲಿ (ಬೇಕಾದ್ದನ್ನ ಮಾತ್ರ ತೋರಿಸೋ ಬಟನ್‌ಗಳ ಪೆಟ್ಟಿಗೆ) ಶಿರಸಿ ಒತ್ತಿದ್ರೆ ಚಾಲಿ, ಬಿಳೆಗೋಟು, ಕೆಂಪುಗೋಟು, ತಟ್ಟಿಬೆಟ್ಟೆ ಅಂತ ಬೇರೆ ಹೆಸರುಗಳು ಒಳಗೆ ಬರ್ತವೆ, ಸರಕು ಗೊರಬಲು ಜಾಗ ಖಾಲಿ ಮಾಡ್ತವೆ. ಸಾಲು ಹೋದಾಗ ಅದಕ್ಕೆ ನೀವು ಕೈಯಾರೆ ಹಾಕಿದ್ದ ಬಣ್ಣನೂ ಹೋಗುತ್ತೆ, ವಾಪಸ್ ಬಂದಾಗ ಹೊಸದಾಗಿ ಬಂದ ಹಾಗೆನೇ ಬರುತ್ತೆ. ಎಕ್ಸೆಲ್ 2003ರವರೆಗೂ ಬರೀ ರಿಫ್ರೆಶ್ ಮಾಡಿದ್ರೂ ಸೀರೀಸ್‌ಗೆ ಹಾಕಿದ ಬಣ್ಣ ಹೋಗ್ತಿತ್ತು, 2007ರಿಂದ ಬಹಳಷ್ಟು ಉಳಿಯುತ್ತೆ, ಆದ್ರೆ ಡೇಟಾ ಲೇಬಲ್, ಟ್ರೆಂಡ್‌ಲೈನ್, ಎರರ್ ಬಾರ್ ಉಳಿಯುತ್ತೆ ಅನ್ನೋ ಭರವಸೆ ಈಗ್ಲೂ ಇಲ್ಲ. ಹಾಗಾಗಿ ನಾವು ಮಾಡಬೇಕಾದ್ದು ಒಂದೇ: ಸಾಲುಗಳ ಸಂಖ್ಯೆ, ಅವುಗಳ ಕ್ರಮ ಯಾವತ್ತೂ ಬದಲಾಗದ ಹಾಗೆ ನೋಡ್ಕೊಳ್ಳೋದು.

ಹಂತ 1: ಮೂಲ ಡೇಟಾ ಕ್ಲೀನ್ ಮಾಡಿ

ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡ್ಕೊಳ್ಳಿ, ಹೊಸ ನಮೂದು ಸೇರಿಸಿದಾಗ ಪಿವಟ್‌ನ ರೇಂಜ್ ತಾನೇ ಬೆಳೆಯುತ್ತೆ. 'ರಾಶಿ' ಅಂತ ಒಂದ್ಸಲ, 'ರಾಶಿ' ಆದ್ಮೇಲೆ ಒಂದು ಸ್ಪೇಸ್ ಬಿಟ್ಟು ಇನ್ನೊಂದ್ಸಲ ಟೈಪ್ ಆಗಿದ್ರೆ ಪಿವಟ್‌ಗೆ ಅವು ಎರಡು ಬೇರೆ ಬೇರೆ ತಳಿ, ಎರಡು ಸಾಲು, ಎರಡು ಬಣ್ಣ. ಟ್ರಿಮ್ ಫಾರ್ಮುಲಾ ಹಾಕಿ ಸರಿ ಮಾಡಿ, ಇನ್ನೂ ಒಳ್ಳೇದು ಅಂದ್ರೆ ಡೇಟಾ ವ್ಯಾಲಿಡೇಶನ್‌ನಲ್ಲಿ ತಳಿ ಹೆಸರುಗಳ ಡ್ರಾಪ್‌ಡೌನ್ ಕೊಟ್ಟುಬಿಡಿ, ಟೈಪ್ ಮಾಡೋ ಅವಕಾಶನೇ ಬೇಡ.

ಇಲ್ಲೇ ಇನ್ನೊಂದು ಮಾತು. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರುಗಳನ್ನ ದಯವಿಟ್ಟು ಚಾರ್ಟ್‌ಗೆ ತರಬೇಡಿ. ಫಾರ್ಮ್ಯಾಟಿಂಗ್ ಹೋಗಿ ಫಾಂಟ್ ಬದಲಾದ ಕ್ಷಣ 'ಬೆಟ್ಟೆ' ಇದ್ದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತೆ. ಯುನಿಕೋಡ್‌ಗೆ ಬದಲಾಯಿಸ್ಕೊಂಡ್ರೆ ಫಾಂಟ್ ಏನೇ ಆದ್ರೂ ಕನ್ನಡ ಕನ್ನಡವಾಗೇ ಕಾಣುತ್ತೆ. ಪರಿವರ್ತಕ ತಂತ್ರಾಂಶ ಉಚಿತವಾಗಿ ಸಿಗುತ್ತೆ, ಅರ್ಧ ಗಂಟೆ ಕೆಲಸ.

ಹಂತ 2: ಸಾಲುಗಳನ್ನ ಕಟ್ಟಿಹಾಕಿ

ಎಲ್ಲರೂ ಎಡವೋದು ಇಲ್ಲೇ, ನಿಧಾನಕ್ಕೆ ಮಾಡಿ. ಪಿವಟ್‌ನಲ್ಲಿ ಯಾವುದಾದ್ರೂ ತಳಿ ಹೆಸರಿನ ಮೇಲೆ, ಅಂದ್ರೆ ಹೆಸರಿನ ಮೇಲೆ, ಸಂಖ್ಯೆ ಮೇಲಲ್ಲ, ರೈಟ್ ಕ್ಲಿಕ್ ಮಾಡಿ ಫೀಲ್ಡ್ ಸೆಟ್ಟಿಂಗ್ಸ್ ತೆಗೀರಿ. ಸಂಖ್ಯೆ ಮೇಲೆ ಒತ್ತಿದ್ರೆ ವ್ಯಾಲ್ಯೂ ಫೀಲ್ಡ್ ಸೆಟ್ಟಿಂಗ್ಸ್ ಬರುತ್ತೆ, ಅದು ಬೇರೆ. ಅಲ್ಲಿ ಲೇಔಟ್ ಆ್ಯಂಡ್ ಪ್ರಿಂಟ್ ಟ್ಯಾಬ್‌ನಲ್ಲಿ 'ಶೋ ಐಟಮ್ಸ್ ವಿತ್ ನೋ ಡೇಟಾ' ಅಂತ ಇದೆ, ಟಿಕ್ ಹಾಕಿ. ಈಗ ಶಿವಮೊಗ್ಗ ಒತ್ತಿದ್ರೂ ಚಾಲಿ ಸಾಲು ಖಾಲಿಯಾಗಿ ಅಲ್ಲೇ ನಿಂತಿರುತ್ತೆ, ಶಿರಸಿ ಒತ್ತಿದ್ರೂ ಗೊರಬಲು ಜಾಗ ಬಿಟ್ಟು ಹೋಗಲ್ಲ. ಪಿವಟ್ ಡೇಟಾ ಮಾಡೆಲ್‌ನಿಂದ ಮಾಡಿದ್ದಾದ್ರೆ ಈ ಟಿಕ್ ಮಂಕಾಗಿ ಇರುತ್ತೆ, ಆಗ ಪಿವಟ್‌ಟೇಬಲ್ ಆಪ್ಷನ್ಸ್‌ನ ಡಿಸ್‌ಪ್ಲೇ ಟ್ಯಾಬ್‌ನಲ್ಲಿ ಹುಡುಕಿ, ಅಡ್ಡಸಾಲಿಗೆ (ರೋ) ಒಂದು ಕಾಲಂಗೆ ಒಂದು ಅಂತ ಅಲ್ಲಿ ಸಿಗುತ್ತೆ.

ಇದರಿಂದ ಒಂದು ತೊಂದರೆ ಇದೆ, ಕಂಬಗಳು ಪಕ್ಕಪಕ್ಕ ನಿಲ್ಲೋ ಕ್ಲಸ್ಟರ್ಡ್ ಕಾಲಂ ಚಾರ್ಟ್‌ನಲ್ಲಿ ಖಾಲಿ ತಳಿಗೂ ಜಾಗ ಬಿಟ್ಟು ಕಂಬಗಳ ನಡುವೆ ಸಂದು ಕಾಣುತ್ತೆ, ಲೆಜೆಂಡ್‌ನಲ್ಲೂ (ಯಾವ ಬಣ್ಣ ಯಾವುದು ಅಂತ ಹೇಳೋ ಪಟ್ಟಿ) ಎಲ್ಲಾ ಹೆಸರೂ ಇರುತ್ತೆ. ನನ್ನ ಮಾತು ಕೇಳೋದಾದ್ರೆ ಆವಕಕ್ಕೆ ಒಂದರ ಮೇಲೊಂದು ಪೇರಿಸೋ ಸ್ಟ್ಯಾಕ್ಡ್ ಕಾಲಂ ಹಾಕಿ, ಸಂದಿನ ಸಮಸ್ಯೆನೇ ಇರಲ್ಲ, ಒಟ್ಟು ಎಷ್ಟು ಬಂತು ಅನ್ನೋದೂ ಕಂಬದ ಎತ್ತರದಲ್ಲೇ ಗೊತ್ತಾಗುತ್ತೆ.

ಆಮೇಲೆ ಕ್ರಮ. ತಳಿ ಫೀಲ್ಡ್‌ನ ಬಾಣದ ಗುರುತು ಒತ್ತಿ ಮೋರ್ ಸಾರ್ಟ್ ಆಪ್ಷನ್ಸ್‌ನಲ್ಲಿ ಮ್ಯಾನ್ಯುಯಲ್ ಆರಿಸಿ, ಅಲ್ಲೇ ಮೋರ್ ಆಪ್ಷನ್ಸ್ ಒಳಗೆ 'ಪ್ರತಿ ಸಲ ಅಪ್‌ಡೇಟ್ ಆದಾಗ ತಾನೇ ಸಾರ್ಟ್ ಮಾಡು' ಅನ್ನೋ ಅರ್ಥದ ಟಿಕ್ ಇದ್ರೆ ತೆಗೀರಿ. ಆಮೇಲೆ ಹೆಸರುಗಳನ್ನ ಎಳೆದು ನಿಮಗೆ ಬೇಕಾದ ಕ್ರಮದಲ್ಲಿ ಇಡಿ. ಹೀಗಿದ್ರೆ ಹೊಸ ತಳಿ ಬಂದ್ರೂ ಕೊನೆಗೆ ಸೇರಿಕೊಳ್ಳುತ್ತೆ, ಅಕಾರಾದಿಯಲ್ಲಿ ಇದ್ರೆ ಮಧ್ಯೆ ನುಗ್ಗಿ ಕೆಳಗಿನವರ ಬಣ್ಣ ಎಲ್ಲಾ ಒಂದೊಂದು ಮನೆ ತಳ್ಳಿಬಿಡುತ್ತೆ. ದೊಡ್ಡದರಿಂದ ಚಿಕ್ಕದು ಅಂತ ಮೌಲ್ಯದ ಮೇಲೆ ತಳಿ ಸಾರ್ಟ್ ಮಾಡೋ ಅಭ್ಯಾಸ ಇದ್ರೆ ಬಿಟ್ಟುಬಿಡಿ, ಪ್ರತಿ ತಿಂಗಳೂ ಕ್ರಮ ಬದಲಾಗುತ್ತೆ.

ಹಂತ 3: ಒಂದು ಟಿಕ್ ತೆಗೀರಿ

ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್, ಅಲ್ಲಿಂದ ಕೆಳಗೆ ಹೋದ್ರೆ ಚಾರ್ಟ್ ಅಂತ ಒಂದು ಭಾಗ. 'ಪ್ರಾಪರ್ಟೀಸ್ ಫಾಲೋ ಚಾರ್ಟ್ ಡೇಟಾ ಪಾಯಿಂಟ್' ಅಂತ ಎರಡು ಟಿಕ್ ಇರ್ತವೆ, ಒಂದು ಎಲ್ಲಾ ಹೊಸ ವರ್ಕ್‌ಬುಕ್‌ಗೆ, ಇನ್ನೊಂದು ಈಗ ತೆರೆದಿರೋ ವರ್ಕ್‌ಬುಕ್‌ಗೆ. ಎಕ್ಸೆಲ್ 2013ರಲ್ಲಿ ಬಂದಿದ್ದು, ತಾನಾಗೇ ಆನ್ ಇರುತ್ತೆ. ಈಗಿನ ವರ್ಕ್‌ಬುಕ್‌ನ ಟಿಕ್ ತೆಗೆದ್ರೆ ಫಾರ್ಮ್ಯಾಟಿಂಗ್ ಜಾಗಕ್ಕೆ ಅಂಟಿಕೊಳ್ಳುತ್ತೆ, ಡೇಟಾ ಹಿಂದೆ ಓಡಲ್ಲ. ಎರಡನೇ ಹಂತ ಮಾಡದೆ ಇದೊಂದೇ ಮಾಡಿದ್ರೆ ಪ್ರಯೋಜನ ಇಲ್ಲ, ಯಾಕಂದ್ರೆ ಜಾಗಕ್ಕೆ ಅಂಟಿದ ಬಣ್ಣದ ಕೆಳಗೆ ತಳಿನೇ ಬದಲಾದ್ರೆ ಏನು ಬಂತು? ಟಿಕ್ ತೆಗೆದ ಮೇಲೇ ಬಣ್ಣ ಹಾಕೋಕೆ ಶುರು ಮಾಡಿ.

ಹಂತ 4: ಬಣ್ಣ ಚಾರ್ಟ್‌ಗಲ್ಲ, ಥೀಮ್‌ಗೆ ಹಾಕಿ

ಪೇಜ್ ಲೇಔಟ್‌ನಲ್ಲಿ ಕಲರ್ಸ್, ಕಸ್ಟಮೈಸ್ ಕಲರ್ಸ್. ಆ್ಯಕ್ಸೆಂಟ್ 1ರಿಂದ 6ರವರೆಗೆ ಇರುತ್ತೆ, ಪಿವಟ್‌ನಲ್ಲಿ ತಳಿ ಇರೋ ಕ್ರಮದಲ್ಲೇ ಬಣ್ಣ ತುಂಬಿ. ರಾಶಿಗೆ ಕೆಂಪು, ಚಾಲಿ ಬಿಳಿ ಅಡಿಕೆ ಆದ್ದರಿಂದ ತಿಳಿ ಬೂದು, ಹೀಗೆ ಕೊಟ್ರೆ ಬೆಳೆಗಾರರಿಗೆ ಲೆಜೆಂಡ್ ನೋಡದೇನೇ ಅರ್ಥ ಆಗುತ್ತೆ. ಇದರ ಲಾಭ ಏನಂದ್ರೆ ಮುಂದೆ ಎಂದಾದ್ರೂ ಚಾರ್ಟ್ ಫಾರ್ಮ್ಯಾಟಿಂಗ್ ಪೂರ್ತಿ ಹೋದ್ರೂ ಅದು ವಾಪಸ್ ಬೀಳೋದು ಥೀಮ್ ಬಣ್ಣಕ್ಕೇ, ಅಂದ್ರೆ ನಿಮ್ಮ ಬಣ್ಣಕ್ಕೇ. ಆರಕ್ಕಿಂತ ಹೆಚ್ಚು ತಳಿ ಇದ್ರೆ ಏಳನೇದರಿಂದ ಇದೇ ಬಣ್ಣಗಳ ಗಾಢ ಛಾಯೆಗಳು ಬರ್ತವೆ, ಅಪರೂಪಕ್ಕೆ ಬರೋ ತಳಿಗಳನ್ನ ಆ ಕಡೆ ಇಡಿ.

ಫಾಂಟ್ ಸೈಜ್, ಗ್ರಿಡ್‌ಲೈನ್ ಎಲ್ಲಾ ಸರಿ ಮಾಡಿದ ಮೇಲೆ ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಸೇವ್ ಆ್ಯಸ್ ಟೆಂಪ್ಲೇಟ್ ಕೊಡಿ. ಕೆಟ್ಟರೆ ಚೇಂಜ್ ಚಾರ್ಟ್ ಟೈಪ್, ಟೆಂಪ್ಲೇಟ್ಸ್, ಮುಗೀತು. ಅವಸರದಲ್ಲಿ ಇದ್ರೆ ಇನ್ನೂ ಸುಲಭ ಇದೆ: ಚೆನ್ನಾಗಿರೋ ಹಳೇ ಚಾರ್ಟ್ ಕಾಪಿ ಮಾಡಿ, ಕೆಟ್ಟಿರೋದನ್ನ ಸೆಲೆಕ್ಟ್ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ಫಾರ್ಮ್ಯಾಟ್ಸ್ ಒತ್ತಿ.

ಮ್ಯಾಕ್ರೋ ಬರೆದು ರಿಫ್ರೆಶ್ ಆದಾಗೆಲ್ಲ ಬಣ್ಣ ಹಾಕಿಸೋದೂ ಸಾಧ್ಯ, ಆದ್ರೆ ನಾನು ಬೇಡ ಅಂತೀನಿ. 2022ರಿಂದ ಇಂಟರ್ನೆಟ್‌ನಿಂದ ಬಂದ ಫೈಲ್‌ಗಳ ಮ್ಯಾಕ್ರೋನ ಮೈಕ್ರೋಸಾಫ್ಟ್ ತಾನೇ ತಡೆಯುತ್ತೆ, ನೀವು ಮೇಲ್ ಮಾಡಿದ ಫೈಲ್ ಇನ್ನೊಂದು ಬ್ರಾಂಚ್‌ನಲ್ಲಿ ತೆರೆದಾಗ ಮ್ಯಾಕ್ರೋ ಓಡದೇ ಇರಬಹುದು. ಚಾರ್ಟ್ ರಿಪೇರಿ ಮಾಡ್ತೀವಿ ಅಂತ ಸಿಗೋ ಪುಕ್ಕಟೆ ಆ್ಯಡ್‌ಇನ್‌ಗಳನ್ನಂತೂ ಸದಸ್ಯರ ಲೆಕ್ಕ ಇರೋ ಕಂಪ್ಯೂಟರ್‌ಗೆ ಹಾಕಲೇಬೇಡಿ.

ಲೇಬಲ್ ಬೇಕೇ ಬೇಕು ಅನ್ನೋರಿಗೆ

ಕಂಬದ ಮೇಲೆ ಸಂಖ್ಯೆ, ಟ್ರೆಂಡ್‌ಲೈನ್ ಇವೆಲ್ಲ ಉಳಿಯಲೇಬೇಕು ಅಂದ್ರೆ ಪಿವಟ್ ಚಾರ್ಟ್ ಬಿಟ್ಟು ಮಾಮೂಲಿ ಚಾರ್ಟ್‌ಗೆ ಬನ್ನಿ. ಪ್ರತಿ ತಿಂಗಳು ಪ್ರಿಂಟ್ ಆಗೋ ವರದಿಗೆ ನಾನು ಹೇಳೋದು ಯಾವಾಗ್ಲೂ ಇದೇ ದಾರಿ.

ಪಿವಟ್‌ನಿಂದ ದೂರ, ಖಾಲಿ ಜಾಗದಲ್ಲಿ ಒಂದು ಪಟ್ಟಿ ಮಾಡಿ, ಎಡಗಡೆ ತಿಂಗಳು, ಮೇಲೆ ತಳಿ ಹೆಸರು, ನೀವೇ ಟೈಪ್ ಮಾಡಿ. ಮೊದಲನೇ ಸೆಲ್‌ನಲ್ಲಿ ಈಕ್ವಲ್ ಒತ್ತಿ ಪಿವಟ್‌ನ ಒಂದು ಸಂಖ್ಯೆ ಮೇಲೆ ಕ್ಲಿಕ್ ಮಾಡಿದ್ರೆ ಗೆಟ್‌ಪಿವಟ್‌ಡೇಟಾ ಫಾರ್ಮುಲಾ ತಾನೇ ಬರುತ್ತೆ. ಬರೀ ಸೆಲ್ ವಿಳಾಸ ಬಂದ್ರೆ ಪಿವಟ್‌ಟೇಬಲ್ ಅನಲೈಸ್‌ನಲ್ಲಿ ಆಪ್ಷನ್ಸ್ ಪಕ್ಕದ ಬಾಣ ಒತ್ತಿ ಜನರೇಟ್ ಗೆಟ್‌ಪಿವಟ್‌ಡೇಟಾ ಆನ್ ಮಾಡಿ. ಫಾರ್ಮುಲಾದೊಳಗೆ ಉದ್ಧರಣ ಚಿಹ್ನೆಯಲ್ಲಿ 'ರಾಶಿ' ಅಂತ ಇರೋದನ್ನ ಅಳಿಸಿ, ನೀವು ಮೇಲೆ ಟೈಪ್ ಮಾಡಿದ ತಳಿ ಹೆಸರಿನ ಸೆಲ್ ತೋರಿಸಿ, ತಿಂಗಳಿಗೂ ಹಾಗೇ ಮಾಡಿ. ಡಾಲರ್ ಗುರುತು ಮರೀಬೇಡಿ, ತಳಿಗೆ ಸಾಲಿನ ಸಂಖ್ಯೆ ಮುಂದೆ, ತಿಂಗಳಿಗೆ ಕಾಲಂ ಅಕ್ಷರದ ಮುಂದೆ, ಇಲ್ಲಾಂದ್ರೆ ಎಳೆದಾಗ ಎಲ್ಲಾ ಜಾರುತ್ತೆ. ಕೊನೆಗೆ ಇಫ್‌ಎರರ್‌ನಲ್ಲಿ ಸುತ್ತಿ, ಯಾಕಂದ್ರೆ ಪಿವಟ್‌ನಲ್ಲಿ ಆ ತಳಿ ಕಾಣದೇ ಇದ್ರೆ ರೆಫ್ ಎರರ್ ಬರುತ್ತೆ. ಆವಕಕ್ಕೆ ಎರರ್ ಬದಲು ಸೊನ್ನೆ ಕೊಡಿ. ದರದ ಲೈನ್ ಚಾರ್ಟ್‌ಗೆ ಮಾತ್ರ ಸೊನ್ನೆ ಬೇಡ, ಎನ್‌ಎ ಫಾರ್ಮುಲಾ ಕೊಡಿ. ಸೊನ್ನೆ ಕೊಟ್ರೆ ಆ ತಿಂಗಳು ಅಡಿಕೆ ದರ ನೆಲಕ್ಕೆ ಬಿದ್ದ ಹಾಗೆ ಗೆರೆ ಕಾಣುತ್ತೆ, ನಿಜಕ್ಕೂ ಅಲ್ಲಿ ಆಗಿರೋದು ಮಾಲು ಬರದೇ ಇದ್ದಿದ್ದು. ಪಿವಟ್‌ನಲ್ಲಿ ಖಾಲಿ ಸೆಲ್ ಇದ್ರೆ ಎರರ್ ಬರದೆ ಸೊನ್ನೆನೇ ಬರಬಹುದು, ಹಾಗಾಗಿ ದರದ ಪಟ್ಟಿಯಲ್ಲಿ 'ಸೊನ್ನೆ ಆದ್ರೆ ಎನ್‌ಎ' ಅಂತ ಒಂದು ಇಫ್ ಕೂಡ ಸೇರಿಸಿ.

ಈ ಪಟ್ಟಿ ಸೆಲೆಕ್ಟ್ ಮಾಡಿ ಚಾರ್ಟ್ ಹಾಕಿ. ಪಿವಟ್ ಒಳಗೆ ಕರ್ಸರ್ ಇಟ್ಕೊಂಡು ಇನ್ಸರ್ಟ್ ಒತ್ತಿದ್ರೆ ಮತ್ತೆ ಪಿವಟ್ ಚಾರ್ಟೇ ಬರುತ್ತೆ, ಹುಷಾರು. ಸ್ಲೈಸರ್ ಆಗ್ಲೂ ಕೆಲಸ ಮಾಡುತ್ತೆ, ಪಿವಟ್ ಬದಲಾಗುತ್ತೆ, ಪಟ್ಟಿ ಬದಲಾಗುತ್ತೆ, ಚಾರ್ಟ್‌ನ ಕಂಬ ಏರಿಳಿಯುತ್ತೆ, ಬಣ್ಣ ಲೇಬಲ್ ಅಲ್ಲೇ ಇರುತ್ತೆ. ಪಿವಟ್ ಚಾರ್ಟ್‌ನಲ್ಲಿ ಸಿಗದ ಸ್ಕ್ಯಾಟರ್ ಚಾರ್ಟ್ ಕೂಡ ಹಾಕಬಹುದು. ಒಂದು ನೆನಪಿಡಿ, ಹೊಸ ತಳಿ ಬಂದ್ರೆ ಈ ಪಟ್ಟಿಗೆ ಕೈಯಾರೆ ಸೇರಿಸ್ಬೇಕು, ಅದಕ್ಕೆ ಪಟ್ಟಿಯ ಒಟ್ಟು ಮೊತ್ತ ಪಿವಟ್‌ನ ಗ್ರ್ಯಾಂಡ್ ಟೋಟಲ್‌ಗೆ ತಾಳೆ ಆಗುತ್ತಾ ಅಂತ ಒಂದು ಸೆಲ್‌ನಲ್ಲಿ ಹಾಕಿಡಿ.

ಸೈಜ್ ಬದಲಾಗದ ಹಾಗೆ

ಫಾರ್ಮ್ಯಾಟ್ ಚಾರ್ಟ್ ಏರಿಯಾದಲ್ಲಿ ಪ್ರಾಪರ್ಟೀಸ್ ಕೆಳಗೆ 'ಡೋಂಟ್ ಮೂವ್ ಆರ್ ಸೈಜ್ ವಿತ್ ಸೆಲ್ಸ್', ಸ್ಲೈಸರ್‌ಗೂ ಅದೇ. ಪಿವಟ್‌ಟೇಬಲ್ ಆಪ್ಷನ್ಸ್‌ನಲ್ಲಿ 'ಆಟೋಫಿಟ್ ಕಾಲಂ ವಿಡ್ತ್ಸ್ ಆನ್ ಅಪ್‌ಡೇಟ್' ಟಿಕ್ ತೆಗೀರಿ.

ಎಲ್ಲಾ ಆದ್ಮೇಲೆ ವರದಿ ಕಳಿಸೋ ಮುಂಚೆ ಒಂದು ಪರೀಕ್ಷೆ ಮಾಡಿ: ಸ್ಲೈಸರ್‌ನಲ್ಲಿ ಶಿವಮೊಗ್ಗ, ಆಮೇಲೆ ಶಿರಸಿ, ಮತ್ತೆ ಶಿವಮೊಗ್ಗ ಒತ್ತಿ, ಮೂಲ ಡೇಟಾದಲ್ಲಿ ಸುಮ್ನೆ ಒಂದು ಹೊಸ ತಳಿ ಹೆಸರು ಸೇರಿಸಿ ರಿಫ್ರೆಶ್ ಮಾಡಿ, ಫೈಲ್ ಸೇವ್ ಮಾಡಿ ಮುಚ್ಚಿ ತೆಗೀರಿ. ರಾಶಿ ಇನ್ನೂ ಕೆಂಪಾಗೇ ಇದ್ರೆ ಆ ಹೊಸ ಹೆಸರು ಅಳಿಸಿ, ಪಿವಟ್‌ಟೇಬಲ್ ಆಪ್ಷನ್ಸ್‌ನ ಡೇಟಾ ಟ್ಯಾಬ್‌ನಲ್ಲಿ ಹಳೇ ಐಟಂ ಎಷ್ಟು ಇಟ್ಕೊಳ್ಳಬೇಕು ಅನ್ನೋ ಕಡೆ 'ನನ್' (ಒಂದೂ ಬೇಡ) ಅಂತ ಕೊಟ್ಟು ಇನ್ನೊಮ್ಮೆ ರಿಫ್ರೆಶ್ ಮಾಡಿ. ಇಲ್ಲಾಂದ್ರೆ ಅಳಿಸಿದ ಹೆಸರು ಖಾಲಿ ಸಾಲಾಗಿ ಚಾರ್ಟ್‌ನಲ್ಲೇ ಉಳ್ಕೊಳ್ಳುತ್ತೆ.