ವಿನಂತಿಸಿಕೊಳ್ಳುವುದೇನೆಂದರೆ: ನಾನು ಇಂಗ್ಲಿಷ್ ಲೆಟರ್ ಬರೆಯೋದು ಕಲಿತ ಅನುಭವ

ನಾನು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಬಿಕಾಂನಲ್ಲಿ ಇಂಗ್ಲಿಷಲ್ಲೇ ಪರೀಕ್ಷೆ ಬರೆದೆ, ಆದ್ರೆ ಅದೆಲ್ಲ ಗೈಡ್ ಉರು ಹೊಡೆದು ಬರೆದಿದ್ದು, ಸ್ವಂತವಾಗಿ ನಾಲ್ಕು ಸಾಲು ಬರಿ ಅಂದಿದ್ರೆ ಕೈ ನಡುಗ್ತಿತ್ತು. 2007ರಲ್ಲಿ ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಮೆಷಿನಿಂಗ್ ಯೂನಿಟ್‌ನಲ್ಲಿ ಅಕೌಂಟ್ಸ್ ಕೆಲ್ಸಕ್ಕೆ ಸೇರಿದೆ. ಮೊದಲನೇ ವಾರಾನೇ ಓನರ್ ಬಂದು, ಚೆನ್ನೈ ಪಾರ್ಟಿ ಮೂರು ತಿಂಗಳಿಂದ ದುಡ್ಡು ಕೊಟ್ಟಿಲ್ಲ, ಒಂದು ಲೆಟರ್ ಹಾಕಪ್ಪ ಅಂದ್ರು.

ಹಾಕಿದೆ. ತಲೇಲಿದ್ದಿದ್ದು ಹೈಸ್ಕೂಲಲ್ಲಿ ಕಲಿಸಿದ ಒಂದೇ ಒಂದು ಮಾದರಿ: ಇಂದ, ಇವರಿಗೆ, ಮಾನ್ಯರೇ, ವಿಷಯ, ಆಮೇಲೆ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ". ಅದನ್ನೇ ಇಂಗ್ಲಿಷಿಗೆ ಎಳ್ಕೊಂಡು ಬಂದು "ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದಿ ಅಬೌ ಸಬ್ಜೆಕ್ಟ್ ಐ ಹಂಬ್ಲಿ ಬೆಗ್ ಟು ಸ್ಟೇಟ್ ದಟ್" ಅಂತ ಶುರು ಮಾಡ್ದೆ. ಮಧ್ಯದಲ್ಲಿ ಏನು ಬರೀಬೇಕು ಗೊತ್ತಾಗ್ದೆ ಟೇಬಲ್ ಮೇಲೆ ಬಿದ್ದಿದ್ದ ಒಂದು ಟ್ಯಾಕ್ಸ್ ನೋಟಿಸ್ ನೋಡಿ ಅದ್ರಿಂದ "ಯೂ ಆರ್ ಹಿಯರ್‌ಬೈ ಡೈರೆಕ್ಟೆಡ್" ಅನ್ನೋದನ್ನ ಎತ್ಕೊಂಡೆ, ಯಾಕಂದ್ರೆ ಅದು ತುಂಬ ಗತ್ತಾಗಿ ಕಾಣ್ತಿತ್ತು. ಕೊನೇಲಿ "ಯುವರ್ಸ್ ಒಬೀಡಿಯೆಂಟ್ಲಿ". ಅಂದ್ರೆ ಮೇಲೆ ಭಿಕ್ಷೆ, ನಡುವೆ ಅಪ್ಪಣೆ, ಕೆಳಗೆ ದಾಸಾನುದಾಸ. ಬಿಲ್ ನಂಬರ್ರು, ಎಷ್ಟು ದುಡ್ಡು ಬರ್ಬೇಕು ಅನ್ನೋದು ಕೊನೇ ಸಾಲಲ್ಲಿ. ಓನರ್ ಓದಿ ನಕ್ಕುಬಿಟ್ರು, "ನಮ್ ದುಡ್ಡು ಕೇಳೋಕೆ ನಾವ್ಯಾಕಪ್ಪ ಒಬೀಡಿಯೆಂಟ್ ಆಗ್ಬೇಕು" ಅಂತ. ಅವತ್ತು ಆದ ಅವಮಾನ ಇನ್ನೂ ನೆನಪಿದೆ.

ತಮಾಷೆ ಅಂದ್ರೆ ಲೆಟರ್ ನೋಡೋಕೆ ಮಾತ್ರ ಸಖತ್ತಾಗಿತ್ತು. ಅದಕ್ಕೆ ಕಾರಣ ತಿಪಟೂರಲ್ಲಿ ಡಿಗ್ರಿ ಓದುವಾಗ ಹೋಗಿದ್ದ ಟೈಪಿಂಗ್ ಕ್ಲಾಸು. ಜೂನಿಯರ್ ಪರೀಕ್ಷೆಗೆ ನಿಮಿಷಕ್ಕೆ 30 ಪದ, ಸೀನಿಯರ್‌ಗೆ 45, ಆದ್ರೆ ಸ್ಪೀಡ್‌ಗಿಂತ ನನ್ನ ಹೆದರಿಸಿದ್ದು ಲೆಟರ್ ಟೈಪ್ ಮಾಡೋ ಪೇಪರ್. ಟೈಪ್‌ರೈಟರ್‌ನಲ್ಲಿ ಅಳಿಸಿ ಸರಿಮಾಡೋ ಆಟ ಇಲ್ಲ, ಹಾಳೆ ಹಾಕೋಕೆ ಮುಂಚೇನೇ ಲೆಕ್ಕ ಹಾಕ್ಬೇಕು. ಪೈಕಾ ಮೆಷಿನ್ (ಅಕ್ಷರ ಸ್ವಲ್ಪ ದೊಡ್ಡದಾಗಿರೋ ಟೈಪ್‌ರೈಟರ್) ಆದ್ರೆ ಇಂಚಿಗೆ 10 ಅಕ್ಷರ, ಇಂಚಿಗೆ 6 ಸಾಲು. ಹೆಡ್ಡಿಂಗ್ ಮಧ್ಯಕ್ಕೆ ಬರ್ಬೇಕಾದ್ರೆ ಹಾಳೆಯ ನಡುಮಧ್ಯಕ್ಕೆ ಕ್ಯಾರೇಜ್ (ಹಾಳೆ ಹಿಡಿದು ಓಡಾಡೋ ಭಾಗ) ತಂದು ನಿಲ್ಲಿಸಿ, ಹೆಡ್ಡಿಂಗ್‌ನ ಅಕ್ಷರ ಎರಡೆರಡಾಗಿ ಬಾಯಲ್ಲಿ ಹೇಳ್ಕೊಂಡು ಪ್ರತಿ ಜೋಡಿಗೆ ಒಂದ್ಸಲ ಬ್ಯಾಕ್‌ಸ್ಪೇಸ್ ಒತ್ತೋದು, ಎಲ್ಲಿ ನಿಲ್ಲುತ್ತೋ ಅಲ್ಲಿಂದ ಹೊಡಿಯೋದು. ಬಲಗಡೆ ಮಾರ್ಜಿನ್ ಹತ್ರ ಬಂದಾಗ ಟಿಣ್ ಅಂತ ಬೆಲ್ಲು, ಆಗ ಪದ ಮುಗಿಸ್ಬೇಕೋ ಹೈಫನ್ ಹಾಕಿ ಮುರೀಬೇಕೋ ಅಂತ ಅರ್ಧ ಸೆಕೆಂಡಲ್ಲಿ ತೀರ್ಮಾನ. ಒಂದ್ಸಲ ಕಾರ್ಬನ್ ಉಲ್ಟಾ ಹಾಕಿ ಇಡೀ ಲೆಟರ್ ನನ್ನ ಹಾಳೆಯ ಬೆನ್ನಿಗೇ ಕನ್ನಡೀಲಿ ಕಂಡ ಹಾಗೆ ಮೂಡಿತ್ತು, ಮೇಷ್ಟ್ರು ಅದನ್ನ ಎಲ್ರಿಗೂ ಎತ್ತಿ ತೋರಿಸಿದ್ರು. ಈಗ ಇಮೇಲ್‌ನಲ್ಲಿ ಸಿಸಿ ಅಂತ ಹಾಕ್ತೀವಲ್ಲ, ಅದು ಈ ಕಾರ್ಬನ್ ಕಾಪಿನೇ ಅಂತ ಈಗಿನ ಹುಡುಗ್ರಿಗೆ ಹೇಳಿದ್ರೆ ನಂಬಲ್ಲ.

ಹಾಗಾಗಿ ರೂಪ ಗೊತ್ತಿತ್ತು, ಒಳಗಡೆ ಏನು ಬರೀಬೇಕು ಅನ್ನೋದೇ ಗೊತ್ತಿರ್ಲಿಲ್ಲ. ಅದನ್ನ ನಾನು ಕಲಿತಿದ್ದು ಬಾಕ್ಸ್ ಫೈಲಿಂದ. ಬಂದ ಲೆಟರ್‌ಗಳನ್ನೆಲ್ಲ ಹಾಕಿಡೋ ಒಂದು ಫೈಲಿತ್ತು, ಮಧ್ಯಾಹ್ನ ಊಟ ಆದ್ಮೇಲೆ ದಿನಾ ಎರಡು ಮೂರು ತೆಗೆದು ಓದೋದು, ಚೆನ್ನಾಗಿದೆ ಅನ್ನಿಸಿದ್ದನ್ನ ಹಾಗೇ ನೋಟ್‌ಬುಕ್‌ಗೆ ಕಾಪಿ ಮಾಡೋದು. ದೊಡ್ಡ ಕಂಪನಿಗಳ ಪರ್ಚೇಸ್ ಡಿಪಾರ್ಟ್‌ಮೆಂಟಿಂದ ಬರೋ ಲೆಟರ್ ನೋಡಿದ್ರೆ ಮೊದಲನೇ ಸಾಲಲ್ಲೇ ವಿಷಯ ಮುಗ್ದಿರ್ತಿತ್ತು. ನಿಮ್ಮ ಇಂಥಾ ಡೆಲಿವರಿ ಚಲನ್‌ನಲ್ಲಿ ಬಂದ 40 ಪೀಸಲ್ಲಿ 6 ರಿಜೆಕ್ಟ್ ಆಗಿದೆ, ಅಷ್ಟೇ. ಯಾಕೆ, ಹೇಗೆ, ಏನ್ ಮಾಡ್ಬೇಕು ಅನ್ನೋದು ಆಮೇಲೆ. ನಮ್ಮ ಕನ್ನಡ ಅರ್ಜಿಯ ನಡಿಗೆ ಪೂರ್ತಿ ಬೇರೆ. ನಾನು ಇಂಥಾ ಊರಿನವನು, ಇಷ್ಟು ವರ್ಷದಿಂದ ಹೀಗಿದೆ, ಆದ್ದರಿಂದ ದಯಮಾಡಿ, ಅಂತ ಸುತ್ತಿ ಬಳಸಿ ಕೊನೇಲಿ ಕೇಳೋದು, ಕ್ರಿಯಾಪದಾನೇ ಕೊನೇಲಿ ಬರೋ ಭಾಷೆ ನಮ್ಮದು. ಅದು ತಪ್ಪು ಅಂತಲ್ಲ, ಆದ್ರೆ ಆ ಹೊಟ್ಟೆಯಿಂದ ಇಂಗ್ಲಿಷ್ ಹುಟ್ಟಿಸಕ್ಕೆ ಹೋದ್ರೆ ಐದು ಸಾಲಿನ ಲೆಟರ್ ಒಂದೂವರೆ ಪೇಜ್ ಆಗುತ್ತೆ. ನಾನು ಗ್ರಾಮರ್ ಪುಸ್ತಕ ತಗೊಂಡು ಟೆನ್ಸು ಪ್ರಿಪೊಸಿಷನ್ನು ಅಂತ ಆರು ತಿಂಗಳು ಒದ್ದಾಡಿದ್ದು ಹೆಚ್ಚುಕಡಿಮೆ ವೇಸ್ಟು. ಏನ್ ಕೇಳ್ತಿದೀನಿ ಅನ್ನೋದನ್ನ ಮೊದಲನೇ ಸಾಲಿಗೆ ತಂದ ದಿನ ಅರ್ಧ ಸಮಸ್ಯೆ ಹೋಯ್ತು, ಸಾಲು ಚಿಕ್ಕದಾಗಿದ್ದಕ್ಕೆ ಗ್ರಾಮರ್ ತಪ್ಪುಗಳೂ ತಾವೇ ಕಮ್ಮಿ ಆದ್ವು.

ಸಂಪ್ರದಾಯದ ವಿಷ್ಯಗಳು ಬೇಗ ಬಂದ್ವು. ಡಿಯರ್ ಸರ್ ಅಂತ ಶುರು ಮಾಡಿದ್ರೆ ಯುವರ್ಸ್ ಫೇತ್‌ಫುಲಿ, ಡಿಯರ್ ಮಿಸ್ಟರ್ ಇಂಥವರು ಅಂತ ಹೆಸರು ಹಿಡಿದ್ರೆ ಯುವರ್ಸ್ ಸಿನ್ಸಿಯರ್ಲಿ, ಎರಡರಲ್ಲೂ ಎರಡನೇ ಪದಕ್ಕೆ ಸಣ್ಣಕ್ಷರ. ಯುವರ್ಸ್ ಅನ್ನೋದ್ರಲ್ಲಿ ಎಸ್‌ಗೆ ಮುಂಚೆ ಅಪಾಸ್ಟ್ರಫಿ ಇಲ್ಲ, ಇದನ್ನ ಇವತ್ತಿಗೂ ಹಾಕೋರು ಇದಾರೆ, ನೋಡಿದ್ರೆ ನನಗೆ ಮೈ ಉರಿಯತ್ತೆ. ಕಂಪನಿ ಪರವಾಗಿ ಸೈನ್ ಮಾಡೋದಾದ್ರೆ "ಫಾರ್" ಅಂತ ಹಾಕಿ ಕಂಪನಿ ಹೆಸರು, ನಾಲ್ಕು ಸಾಲು ಖಾಲಿ, ಅದ್ರ ಕೆಳಗೆ ಸೈನ್ ಮಾಡೋರ ಹೆಸರು, ಹುದ್ದೆ. ಎನ್‌ಕ್ಲೋಸರ್ ಅಂತ ಬರೀ ಹಾಕದೆ ಎಷ್ಟು ಪೇಪರ್ ಅಂತ ಸಂಖ್ಯೆ ಹಾಕೋದು ನಾನು ಪೆಟ್ಟು ತಿಂದು ಕಲಿತಿದ್ದು, ಒಂದ್ಸಲ ಡ್ರಾಯಿಂಗ್ ಇಡೋದೇ ಮರೆತು ಕವರ್ ಅಂಟಿಸಿ ಕಳಿಸ್ಬಿಟ್ಟಿದ್ದೆ.

ದೊಡ್ಡ ಪೆಟ್ಟು ಬಿದ್ದಿದ್ದು ತಾರೀಕಿಂದ. 2011ರಲ್ಲಿ ಅಮೆರಿಕಾದ ಒಂದು ಪಾರ್ಟಿಗೆ ಸ್ಯಾಂಪಲ್ ಕಳಿಸೋ ದಿನ ತಿಳಿಸ್ತಾ ನಾನು 04/07/2011 ಅಂತ ಬರೆದೆ, ನಮ್ ಲೆಕ್ಕದಲ್ಲಿ ಜುಲೈ 4. ಅವರಲ್ಲಿ ತಿಂಗಳು ಮೊದ್ಲು, ದಿನ ಆಮೇಲೆ, ಹಾಗಾಗಿ ಅವರಿಗೆ ಅದು ಏಪ್ರಿಲ್ 7. ಏಪ್ರಿಲ್ ಎರಡನೇ ವಾರದಲ್ಲಿ ಎಲ್ಲಪ್ಪಾ ಸ್ಯಾಂಪಲ್ಲು ಅಂತ ಫೋನು, ನಾವಿನ್ನೂ ಮೆಟೀರಿಯಲ್ಲೇ ತರ್ಸಿಲ್ಲ. ಅದೂ ಅಲ್ದೆ ಜುಲೈ 4 ಅವರ ಸ್ವಾತಂತ್ರ್ಯ ದಿನ, ರಜಾ ದಿನ ಬೇರೆ, ಅದೂ ನನಗೆ ಹೊಳೆದಿರ್ಲಿಲ್ಲ. ಆವತ್ತಿಂದ ತಿಂಗಳ ಹೆಸರನ್ನ ಅಕ್ಷರದಲ್ಲೇ ಬರೀತೀನಿ, ಮನೆ ಹಾಲಿನ ಲೆಕ್ಕದಲ್ಲೂ ಅಷ್ಟೇ. ಆ ಪಾರ್ಟಿಯಿಂದಲೇ ಇನ್ನೆರಡು ವಿಷ್ಯ ಗೊತ್ತಾಯ್ತು, ಅವರು ಡಿಯರ್ ಸರ್ ಆದ್ಮೇಲೆ ಕಾಮಾ ಬದ್ಲು ಕೋಲನ್ ಹಾಕ್ತಾರೆ, ಅವರ ಹಾಳೆ ಎ4 ಅಲ್ಲ, ಎಂಟೂವರೆ ಇಂಚು ಅಗಲ 11 ಇಂಚು ಉದ್ದ, ಹಾಗಾಗಿ ನಾವು ಕಳಿಸಿದ ಫೈಲ್ ಅಲ್ಲಿ ಪ್ರಿಂಟ್ ತೆಗೆದ್ರೆ ಕೆಳಗಿನ ಸೈನ್ ಜಾಗ ಮುಂದಿನ ಪೇಜಿಗೆ ಹೋಗೋ ಸಾಧ್ಯತೆ ಇರುತ್ತೆ.

ಸೈನ್ ಒಂದೇ ಎರಡನೇ ಪೇಜಲ್ಲಿ ಅನಾಥವಾಗಿ ಕೂರೋದು ಬಹಳ ಕೆಟ್ಟದು. ಹೋಗಲೇಬೇಕು ಅಂದ್ರೆ ಜೊತೆಗೆ ಎರಡು ಸಾಲಾದ್ರೂ ಮ್ಯಾಟರ್ ಹೋಗ್ಬೇಕು, ಎರಡನೇ ಪೇಜಿಗೆ ಲೆಟರ್‌ಹೆಡ್ ಹಾಕಬಾರ್ದು, ಪ್ಲೇನ್ ಹಾಳೆ ಮೇಲೆ ಯಾರಿಗೆ, ಪುಟ ಎಷ್ಟು, ತಾರೀಕು ಅಂತ ಒಂದು ಸಾಲು. ಕಂಪ್ಯೂಟರ್‌ಗೆ ಬಂದ ಹೊಸದ್ರಲ್ಲಿ ನಾನು ಟೈಪ್‌ರೈಟರ್ ಬುದ್ಧಿ ಬಿಡ್ದೆ ತಾರೀಕನ್ನ ಬಲಗಡೆಗೆ ತಳ್ಳೋಕೆ ಸ್ಪೇಸ್ ಬಾರ್ ಕುಟ್ತಿದ್ದೆ, ಫಾಂಟ್ ಬದಲಾಯಿಸಿದ ತಕ್ಷಣ ಎಲ್ಲಾ ಚೆಲ್ಲಾಪಿಲ್ಲಿ. ಆಮೇಲೆ ಫುಲ್ ಬ್ಲಾಕ್‌ಗೆ ಬಂದ್ಬಿಟ್ಟೆ, ತಾರೀಕಿಂದ ಸೈನ್‌ವರೆಗೂ ಎಲ್ಲಾ ಎಡಗಡೆ ಮಾರ್ಜಿನ್‌ಗೆ, ಪ್ಯಾರಾಕ್ಕೆ ಇಂಡೆಂಟ್ ಇಲ್ಲ, ಪ್ಯಾರಾ ಪ್ಯಾರಾ ನಡುವೆ ಒಂದು ಸಾಲು ಖಾಲಿ. ತಿಪಟೂರಿನ ಮೇಷ್ಟ್ರು ಕಲಿಸಿದ ಸೆಮಿ ಬ್ಲಾಕ್, ತಾರೀಕು ಬಲಗಡೆ, ಪ್ಯಾರಾ ಐದಕ್ಷರ ಒಳಗೆ, ಅದು ನೋಡೋಕೆ ಚೆಂದ ಅಂತ ನನಗೆ ಈಗ್ಲೂ ಅನ್ಸುತ್ತೆ, ಆದ್ರೆ ಫುಲ್ ಬ್ಲಾಕಲ್ಲಿ ತಪ್ಪು ಮಾಡೋಕೆ ಜಾಗಾನೇ ಇಲ್ಲ. ಎ4 ಹಾಳೆನ ಸರಿಯಾಗಿ ಮೂರು ಮಡಿಕೆ ಮಾಡಿದ್ರೆ 99 ಮಿಲಿಮೀಟರ್, 110ರ ಉದ್ದನೆ ಕವರ್‌ಗೆ ನೀಟಾಗಿ ಕೂರುತ್ತೆ.

ಇನ್ನು ದುಡ್ಡು ಕೇಳೋ ಲೆಟರ್. ನನ್ನ ಕೆಲ್ಸದಲ್ಲಿ ಅರ್ಧ ಇದೇ. ನಾನು ಮೂರು ಮೆಟ್ಟಿಲು ಮಾಡ್ಕೊಂಡೆ. ಮೊದಲನೇದ್ರಲ್ಲಿ ಅವ್ರು ಮರೆತಿದಾರೆ ಅಂತಾನೇ ನಂಬಿದ ಹಾಗೆ ಬರಿಯೋದು, ಬಿಲ್ ನಂಬರ್, ತಾರೀಕು, ಮೊತ್ತ, ಅಷ್ಟೇ, ಮೂರು ಸಾಲು. ಎರಡನೇದ್ರಲ್ಲಿ ಮೊದಲ ಲೆಟರಿನ ತಾರೀಕು ಹಾಕಿ, ಯಾವ ದಿನದ ಒಳಗೆ ಬೇಕು ಅಂತ ಕೇಳೋದು. ಆ್ಯಸ್ ಅರ್ಲಿ ಆ್ಯಸ್ ಪಾಸಿಬಲ್ ಅಂತ ಬರೆದ್ರೆ ಅವರಿಗೆ ಯಾವತ್ತೂ ಪಾಸಿಬಲ್ ಆಗಲ್ಲ. ಮೂರನೇದ್ರಲ್ಲಿ ಕಾನೂನು. 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದ್ರೆ ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ ಪ್ರಕಾರ ನಮ್ಮಂಥ ಸಣ್ಣ ಯೂನಿಟ್‌ಗೆ ಒಪ್ಪಂದ ಏನೇ ಇದ್ರೂ 45 ದಿನದ ಮೇಲೆ ದುಡ್ಡು ಉಳಿಸ್ಕೊಳ್ಳೋ ಹಾಗಿಲ್ಲ, ಅದು 15ನೇ ಸೆಕ್ಷನ್, ಉಳಿಸ್ಕೊಂಡ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ, ತಿಂಗಳು ತಿಂಗಳು ಸೇರಿಸಿ, ಅದು 16ನೇ ಸೆಕ್ಷನ್. ಈ ಲೆಟರಲ್ಲಿ ಕೋಪದ ಒಂದು ಪದಾನೂ ಹಾಕಲ್ಲ. ಸೆಕ್ಷನ್ ನಂಬರ್, ಇವತ್ತಿನವರೆಗಿನ ಬಡ್ಡಿ ಎಷ್ಟಾಯ್ತು ಅನ್ನೋ ಟೇಬಲ್, ತಾರೀಕು. ಆ ಹಳೇ ಚೆನ್ನೈ ಪಾರ್ಟಿಗೆ ಮುಂದಿನ ವರ್ಷ ಮತ್ತೆ ಬಾಕಿ ನಿಂತಾಗ ಇಂಥದ್ದೇ ಒಂದು ರಿಜಿಸ್ಟರ್ಡ್ ಪೋಸ್ಟಲ್ಲಿ ಅಕ್ನಾಲೆಡ್ಜ್‌ಮೆಂಟ್ ಸಮೇತ ಹೋಯ್ತು, ಗುಲಾಬಿ ಕಾರ್ಡ್ ವಾಪಸ್ ಬಂದ ವಾರದಲ್ಲೇ ಚೆಕ್ಕೂ ಬಂತು. ಬಡ್ಡಿ ಕೊಡ್ಲಿಲ್ಲ, ನಾವೂ ಕೇಳ್ಲಿಲ್ಲ, ಮುಂದಿನ ಆರ್ಡರ್ ಬೇಕಿತ್ತಲ್ಲ.

ನನಗೆ ಬಿಡೋಕೆ ಕಷ್ಟ ಆಗಿದ್ದು "ಕೈಂಡ್ಲಿ ಡೂ ದಿ ನೀಡ್‌ಫುಲ್". ಏನು ಬರೀಬೇಕು ಗೊತ್ತಾಗ್ದಿದ್ದಾಗೆಲ್ಲ ಅದು ಬೆರಳಲ್ಲಿ ತಾನೇ ಬಂದ್ಬಿಡೋದು. ಆ ನೀಡ್‌ಫುಲ್ ಅಂದ್ರೆ ಏನು ಅಂತ ನನ್ನನ್ನೇ ಕೇಳ್ಕೊಂಡ್ರೆ ಎಷ್ಟೋ ಸಲ ನನಗೇ ಗೊತ್ತಿರ್ತಿರ್ಲಿಲ್ಲ. ಈಗ ಅದ್ರ ಜಾಗದಲ್ಲಿ ಸಿ ಫಾರ್ಮ್ ಕಳಿಸಿ, ಡ್ರಾಯಿಂಗ್ ಸೈನ್ ಮಾಡಿ ಕಳಿಸಿ ಅಂತ ಕೆಲ್ಸದ ಹೆಸರೇ ಹಾಕ್ತೀನಿ. ಸಿ ಫಾರ್ಮ್ ಅಂದ್ನಲ್ಲ, ಅದು ಬೇರೆ ರಾಜ್ಯದ ವ್ಯಾಪಾರಕ್ಕೆ ಬೇಕಿದ್ದ ತೆರಿಗೆ ಫಾರ್ಮು, ಜಿಎಸ್‌ಟಿ ಬರೋಕೆ ಮುಂಚಿನ ಕಾಲದ್ದು, ಅಭ್ಯಾಸಬಲ.

ಹೋದ ವರ್ಷ ಊರಲ್ಲಿ ಅಪ್ಪಂಗೆ ತೋಟದ ಪಂಪ್‌ಸೆಟ್ ವಿಷ್ಯಕ್ಕೆ ಒಂದು ಕಚೇರಿಗೆ ಅರ್ಜಿ ಕೊಡ್ಬೇಕಿತ್ತು. ನಾನೇ ಕನ್ನಡದಲ್ಲಿ ಬರ್ಕೊಟ್ಟೆ, ನನ್ನ ಪೀಣ್ಯದ ಶೈಲೀಲಿ, ಮೊದಲನೇ ಸಾಲಲ್ಲೇ ಆರ್‌ಆರ್ ನಂಬರ್ (ಕರೆಂಟ್ ಕನೆಕ್ಷನ್ ನಂಬರ್), ಏನು ಸಮಸ್ಯೆ, ಯಾವ ದಿನದೊಳಗೆ ಆಗ್ಬೇಕು. ಐದೇ ಸಾಲು, ಎಲ್ಲಾ ಎಡಗಡೆಗೆ. ಕೌಂಟರಲ್ಲಿದ್ದವ್ರು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೇನ್ರೀ ನೋಟಿಸ್ ಇದ್ದಂಗಿದೆ, ಅರ್ಜಿ ಥರ ಬರ್ಕೊಂಡ್ ಬನ್ನಿ" ಅಂದ್ರು. ಅಲ್ಲೇ ಕಾಂಪೌಂಡ್ ಗೋಡೆ ಮೇಲೆ ಹಾಳೆ ಇಟ್ಕೊಂಡು ಮಾನ್ಯರೇ ಇಂದ ಶುರು ಮಾಡಿ "ವಿನಂತಿಸಿಕೊಳ್ಳುವುದೇನೆಂದರೆ" ಹಾಕಿ ಒಂದು ಪೂರ್ತಿ ಪೇಜ್ ತುಂಬಿಸಿ ಕೊಟ್ಟೆ, ಸೀಲ್ ಹಾಕಿ ತಗೊಂಡ್ರು.