ವಲ್ಸಾಲ್ವ ಸೈನಸ್ಸಿನ ಅನ್ಯೂರಿಸಂ: ಶಸ್ತ್ರಚಿಕಿತ್ಸೆಗೆ ಅಣಿಯಾಗುವ ಬಗೆ

ಮಹಾಪಧಮನಿ ಹೃದಯದಿಂದ ಹೊರಡುವ ಬುಡದಲ್ಲಿ, ಕವಾಟದ ಮೂರು ಎಸಳುಗಳ ಹಿಂದೆ, ಮೂರು ಸಣ್ಣ ಉಬ್ಬುಗಳಿರುತ್ತವೆ; ಇವೇ ಸೈನಸ್ಸುಗಳು. ಇಟಲಿಯ ಅಂಗರಚನಾ ತಜ್ಞ ಆಂಟೋನಿಯೊ ವಲ್ಸಾಲ್ವನ ಹೆಸರು ಹೊತ್ತ ಇವುಗಳಲ್ಲೊಂದರ ಗೋಡೆ ಹುಟ್ಟಿನಿಂದಲೇ ದುರ್ಬಲವಾಗಿದ್ದರೆ, ರಕ್ತದ ಒತ್ತಡಕ್ಕೆ ಅದು ವರ್ಷಗಟ್ಟಲೆ ಹಿಗ್ಗಿ ಚೀಲದಂತಾಗುತ್ತದೆ. ಇದೇ ಅನ್ಯೂರಿಸಂ. ಬಲ ಕೊರೊನರಿ (ಹೃದಯಕ್ಕೇ ರಕ್ತ ಒದಗಿಸುವ) ರಕ್ತನಾಳ ಹೊರಡುವ ಸೈನಸ್ಸಿನಲ್ಲಿ ಇದು ಹೆಚ್ಚು, ಎಡದ್ದರಲ್ಲಿ ಬಹಳ ಅಪರೂಪ.

ಮೊದಲು ತಿಳಿದುಕೊಳ್ಳಬೇಕಾದುದು ಚೀಲ ಒಡೆದಿದೆಯೇ ಎಂಬುದನ್ನು. ಒಡೆದಾಗ ರಕ್ತವು ಸಾಮಾನ್ಯವಾಗಿ ಬಲ ಹೃತ್ಕುಕ್ಷಿಗೋ ಬಲ ಹೃತ್ಕರ್ಣಕ್ಕೋ ನುಗ್ಗುತ್ತದೆ. ಎದೆನೋವು, ಏದುಸಿರು ಕಾಣಿಸಿಕೊಳ್ಳುತ್ತವೆ, ಸ್ಟೆತಾಸ್ಕೋಪಿಗೆ ಎಡೆಬಿಡದ ಮರ್ಮರ (ರಕ್ತ ಅಸಹಜವಾಗಿ ಹರಿಯುವ ಸದ್ದು) ಕೇಳಿಸುತ್ತದೆ. ಕೆಲವರಲ್ಲಿ ಚೀಲ ಒಡೆಯುವುದು ಗಮನಕ್ಕೇ ಬಾರದಂತೆ ನಿಧಾನವಾಗಿಯೂ ನಡೆಯುವುದುಂಟು. ಒಡೆದದ್ದನ್ನು ಮುಚ್ಚುವುದನ್ನು ಮುಂದೂಡುವುದು ಜಾಣತನವಲ್ಲ. ಒಡೆಯದ ಚೀಲದ ವಿಷಯದಲ್ಲಿ ಅದರ ಗಾತ್ರ, ಬೆಳೆಯುವ ವೇಗ, ಪಕ್ಕದ ಭಾಗಗಳನ್ನು ಒತ್ತುತ್ತಿದೆಯೇ ಎಂಬುದನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಎಕೋ (ಹೃದಯದ ಅಲ್ಟ್ರಾಸೌಂಡ್) ಅಥವಾ ಸಿ.ಟಿ. ಸ್ಕ್ಯಾನ್ ವರದಿ ಕೈಗೆ ಬಂದಾಗ ಶಸ್ತ್ರಚಿಕಿತ್ಸಕರನ್ನು ಎರಡು ಪ್ರಶ್ನೆ ಕೇಳಿರಿ: ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲೂ ರಂಧ್ರವಿದೆಯೇ, ಕವಾಟ ಸೋರುತ್ತಿದೆಯೇ? ಈ ಕಾಯಿಲೆಯ ಜೊತೆಗೆ ಇವೆರಡೂ ಆಗಾಗ ಕಂಡುಬರುತ್ತವೆ. ನನ್ನ ದೃಷ್ಟಿಯಲ್ಲಿ ಎರಡನೆಯ ಪ್ರಶ್ನೆಯೇ ಹೆಚ್ಚಿನದು, ಏಕೆಂದರೆ ಮುಂದಿನ ಬದುಕು ಹೇಗಿರುತ್ತದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಚೀಲವಲ್ಲ, ಕವಾಟ.

ಶಸ್ತ್ರಚಿಕಿತ್ಸೆಯಲ್ಲಿ ಎದೆಮೂಳೆಯನ್ನು ಸೀಳಿ, ರಕ್ತ ಸಂಚಾರವನ್ನು ಹಾರ್ಟ್-ಲಂಗ್ ಯಂತ್ರಕ್ಕೆ ಒಪ್ಪಿಸಿ, ಹೃದಯದ ಬಡಿತವನ್ನು ನಿಲ್ಲಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ: ಬಡಿತ ನಿಲ್ಲಿಸುವ ದ್ರಾವಣವನ್ನು ಎಂದಿನಂತೆ ಮಹಾಪಧಮನಿಯ ಬುಡಕ್ಕೆ ಬಿಟ್ಟರೆ ಅದು ಒಡೆದ ಚೀಲದ ಮೂಲಕ ಹೃದಯದ ಬಲಭಾಗಕ್ಕೆ ಹರಿದುಹೋಗಬಹುದಾದ್ದರಿಂದ, ಮಹಾಪಧಮನಿಯನ್ನು ತೆರೆದು ಕೊರೊನರಿ ರಕ್ತನಾಳಗಳ ಬಾಯಿಗೇ ಅದನ್ನು ನೇರವಾಗಿ ಹಾಯಿಸುವುದುಂಟು. ಅನಂತರ ಚೀಲವನ್ನು ಕತ್ತರಿಸಿ ತೆಗೆದು, ಅದರ ಬಾಯನ್ನು ತೇಪೆಯಿಂದ ಮುಚ್ಚುತ್ತಾರೆ. ಬರೀ ಹೊಲಿಗೆ ಹಾಕಿ ಎಳೆದು ಮುಚ್ಚಿದರೆ ಕವಾಟದ ಎಸಳು ಸೊಟ್ಟಗಾಗುವ ಭಯವಿರುವುದರಿಂದ ಅನೇಕರು ತೇಪೆಯನ್ನೇ ಆರಿಸುತ್ತಾರೆ. ಕವಾಟವನ್ನು ಸರಿಪಡಿಸಲು ಸಾಧ್ಯವಾಗದಿದ್ದರೆ ಬದಲಿಸುತ್ತಾರೆ. ಬುಡವೆಲ್ಲ ಹಿಗ್ಗಿದ್ದರೆ ಅದನ್ನೂ ಬದಲಿಸಬೇಕಾಗುತ್ತದೆ. ಜೊತೆಗೆ ಬೇರೆ ದೋಷವಿಲ್ಲದ, ಆಯ್ದ ಕೆಲವರಲ್ಲಿ ಕ್ಯಾಥೆಟರ್ (ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆ) ಮೂಲಕ ಸಾಧನವನ್ನು ಕೂರಿಸಿ ರಂಧ್ರ ಮುಚ್ಚುವ ವಿಧಾನವೂ ಇದೆ.

ದಾಖಲಾಗುವ ಮೊದಲು ಹಲ್ಲಿನ ಸೋಂಕನ್ನು ಗುಣಪಡಿಸಿಕೊಳ್ಳಿರಿ, ಧೂಮಪಾನ ಬಿಡಿರಿ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕೆಂದು ಕೇಳಿರಿ. ಹೃದಯದ ವಿದ್ಯುತ್ ಸಂಕೇತ ಸಾಗುವ ದಾರಿ ಹೊಲಿಗೆಯ ಜಾಗಕ್ಕೆ ತೀರ ಹತ್ತಿರವಿರುವುದರಿಂದ ಕೆಲವರಿಗೆ ಪೇಸ್‌ಮೇಕರ್ ಬೇಕಾಗಬಹುದೆಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಅರಿತಿರಿ.

ಮನೆಗೆ ಬಂದ ಮೇಲೆ ಎದೆಮೂಳೆ ಕೂಡಿಕೊಳ್ಳಲು 2ರಿಂದ 3 ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಭಾರ ಎತ್ತಬಾರದು. ಲೋಹದ ಕವಾಟ ಹಾಕಿಸಿಕೊಂಡವರು ಜೀವನಪರ್ಯಂತ ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುತ್ತ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಸುವ ಐ.ಎನ್.ಆರ್. ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಜ್ವರ, ಹೊಸದಾಗಿ ಏದುಸಿರು ಅಥವಾ ತಲೆಸುತ್ತಿ ಬೀಳುವಿಕೆ ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿರಿ. ಯಾವ ತೊಂದರೆ ಇಲ್ಲದಿದ್ದರೂ ಎಕೋ ತಪಾಸಣೆಯನ್ನು ಬಿಡಬೇಡಿರಿ. ತೇಪೆ ಭದ್ರವಾಗಿದ್ದರೂ ಕವಾಟ ಹಲವು ವರ್ಷಗಳ ನಂತರ ಸೋರತೊಡಗಬಹುದು.